ಗೊತ್ತಿಲ್ಲದೆ ಮಾಡಿದ್ದಕ್ಕೂ ಶಿಕ್ಷೆ ಯಾಕೆ? ಕಥೆಗಳಲ್ಲಿ ಕೈತಪ್ಪು, ಬಾಯ್ತಪ್ಪು, ಕಣ್ತಪ್ಪು

ಹೋದ ತಿಂಗಳು ಅಕ್ಕನ ಮನೆಯಲ್ಲಿ ರಾತ್ರಿ ಕರೆಂಟು ಹೋಗಿತ್ತು. ಏಳು ವರ್ಷದ ಅವಳ ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮುಂಗುಸಿಯ ಕಥೆ ಹೇಳುತ್ತಿದ್ದೆ. ನಿಮಗೂ ಗೊತ್ತಿರುವ ಕಥೆಯೇ. ತಾಯಿ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ಸಾಕಿದ ಮುಂಗುಸಿಯನ್ನು ಕಾವಲಿಗೆ ಬಿಟ್ಟು ನೀರಿಗೆ ಹೋಗುತ್ತಾಳೆ. ಹಾವು ಬರುತ್ತದೆ. ಮುಂಗುಸಿ ಅದನ್ನು ಕಡಿದು ಕೊಂದು, ಬಾಯೆಲ್ಲ ರಕ್ತ ಮಾಡಿಕೊಂಡು, ಯಜಮಾನಿಯನ್ನು ಎದುರುಗೊಳ್ಳಲು ಬಾಗಿಲಿಗೆ ಓಡಿ ಬರುತ್ತದೆ. ಆ ರಕ್ತ ನೋಡಿದ ತಾಯಿ, ಕೂಸನ್ನೇ ಕೊಂದಿದೆ ಅಂದುಕೊಂಡು ತುಂಬಿದ ಕೊಡವನ್ನು ಅದರ ಮೇಲೆ ಎತ್ತಿ ಹಾಕುತ್ತಾಳೆ. ಒಳಗೆ ಹೋಗಿ ನೋಡಿದರೆ ಕೂಸು ಕೈಕಾಲು ಆಡಿಸುತ್ತಾ ನಗುತ್ತಿದೆ. ಪಕ್ಕದಲ್ಲಿ ಹಾವಿನ ತುಂಡುಗಳು.

ಹುಡುಗಿ ಎದ್ದು ಕೂತಳು. "ಚಿಕ್ಕೀ, ಅವಳಿಗೆ ಗೊತ್ತಿರ್ಲಿಲ್ಲ ಅಲ್ವಾ? ಮತ್ತೆ ಅದು ಅವಳ ತಪ್ಪಾ?"

ಮಕ್ಕಳಿಗೆ ಕಥೆ ಹೇಳುವ ಎಲ್ಲರಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಹಳೆಯ ಕಥೆಗಳಲ್ಲಿ ಬೇಕೆಂದು ಕೆಟ್ಟದ್ದು ಮಾಡಿದವರಿಗೆ ಶಿಕ್ಷೆ ಆಗುವುದು ಸರಿ ಅನ್ನಿಸುತ್ತದೆ. ಆದರೆ ಅರಿಯದೆ ಮಾಡಿದವರೂ ಅನುಭವಿಸುತ್ತಾರೆ, ಕೆಲವು ಸಲ ಅವರೇ ಜಾಸ್ತಿ ಅನುಭವಿಸುತ್ತಾರೆ. ಇದು ಅನ್ಯಾಯ ಅಲ್ವಾ? ಕಥೆ ಕಟ್ಟಿದವರಿಗೆ ಇದು ಕಾಣಲಿಲ್ಲವಾ? ಕಂಡಿತ್ತು. ಅವರು ಈ ಗಂಟನ್ನು ಬಿಚ್ಚಿ ನೋಡಿದ ರೀತಿ ಬೇರೆ, ಅಷ್ಟೇ. ಅದನ್ನು ಬುಡದಿಂದ ನೋಡೋಣ.

‘ತಪ್ಪು’ ಎಂಬ ಒಂದೇ ಮಾತು

ಬಸ್ಸು ತಪ್ಪಿತು. ದಾರಿ ತಪ್ಪಿತು. ಲೆಕ್ಕ ತಪ್ಪಿತು. ಇಲ್ಲೆಲ್ಲ ಯಾರೂ ಬೇಕೆಂದು ಏನೂ ಮಾಡಿಲ್ಲ. ಸೇರಬೇಕಾದ ಕಡೆ ಸೇರಲಿಲ್ಲ ಅನ್ನುವುದಷ್ಟೇ ಅರ್ಥ. ಅದೇ ಮಾತನ್ನು ‘ತಪ್ಪು ಯಾರದು?’ ಎಂದು ಕೇಳಿದರೆ ಅದಕ್ಕೆ ಅಪರಾಧದ ಭಾರ ಬಂದುಬಿಡುತ್ತದೆ. ಕನ್ನಡದಲ್ಲಿ ಗುರಿ ತಪ್ಪುವುದಕ್ಕೂ ಅಪರಾಧಕ್ಕೂ ಒಂದೇ ಪದ. ಕೈತಪ್ಪಿ ಬಿತ್ತು, ಬಾಯ್ತಪ್ಪಿ ಬಂತು, ಕಣ್ತಪ್ಪಿನಿಂದ ಆಯಿತು ಎಂದು ದಿನಾ ಹೇಳುತ್ತೇವೆ. ಕೈ, ಬಾಯಿ, ಕಣ್ಣುಗಳ ಮೇಲೆ ಹಾಕಿ ನಮ್ಮನ್ನು ಸ್ವಲ್ಪ ದೂರ ಇಟ್ಟುಕೊಳ್ಳುವ ಮಾತುಗಳಿವು.

‘ಅರಿಯದೆ ಮಾಡಿದ್ದು’ ಅಂದರೆ ಏನು ಎಂದು ಮೊದಲು ಗಟ್ಟಿ ಮಾಡಿಕೊಳ್ಳೋಣ. ಕೊಡ ಎತ್ತಿ ಹಾಕುತ್ತಿದ್ದೇನೆ ಎಂದು ಆ ತಾಯಿಗೆ ಗೊತ್ತು. ಮುಂಗುಸಿ ಸಾಯುತ್ತದೆ ಎಂದೂ ಗೊತ್ತು. ಗೊತ್ತಿಲ್ಲದ್ದು ಒಂದೇ, ತಾನು ಕೊಲ್ಲುತ್ತಿರುವುದು ಮಗುವನ್ನು ಉಳಿಸಿದ ಪ್ರಾಣಿಯನ್ನು ಅಂತ. ಅಂದರೆ ಮಾಡುವ ಕೆಲಸ ಗೊತ್ತು, ಆ ಕೆಲಸದ ಅಸಲು ಗೊತ್ತಿಲ್ಲ. ಮೊಬೈಲಿನಲ್ಲಿ ಹಣ ಕಳಿಸುವಾಗ ಒಂದು ಅಂಕಿ ತಪ್ಪಿ ಬೇರೆಯವರ ಖಾತೆಗೆ ಹೋದ ಹಾಗೆ. ಒತ್ತಿದ್ದು ನಾವೇ, ಹಣ ಹೋಗಿದ್ದೂ ನಿಜ. ನಾವು ಅಂದುಕೊಂಡವರಿಗೆ ಮಾತ್ರ ಹೋಗಲಿಲ್ಲ.

ಜಗತ್ತಿನ ಕಥೆಗಳಲ್ಲಿ ಇದು ಎಷ್ಟು ಸಲ ಬರುತ್ತದೆ ಅಂದರೆ, ಜಾನಪದ ವಿದ್ವಾಂಸರು ಇದಕ್ಕೆ ಬೇರೆ ಡಬ್ಬಿಯನ್ನೇ ಇಟ್ಟಿದ್ದಾರೆ. ಅಮೆರಿಕದ ಸ್ಟಿತ್ ಥಾಮ್ಸನ್ ಕಥೆಗಳ ಸಣ್ಣ ಸಣ್ಣ ಅಂಶಗಳನ್ನೆಲ್ಲ ಪಟ್ಟಿ ಮಾಡಿ 1932ರಿಂದ 1936ರ ನಡುವೆ ಆರು ಸಂಪುಟಗಳ ಸೂಚಿ ತಂದರು. ಕಥೆಯಿಂದ ಕಥೆಗೆ ಓಡಾಡುವ ಇಂಥ ಅಂಶವನ್ನು ‘ಆಶಯ’ ಅನ್ನುತ್ತಾರೆ. ಸೂಚಿ ಇರುವುದು ಹಳೇ ಕಿರಾಣಿ ಅಂಗಡಿಯಲ್ಲಿ ಚೀಟಿ ಅಂಟಿಸಿದ ಡಬ್ಬಿಗಳ ಸಾಲಿನ ಹಾಗೆ. ಒಂದೊಂದು ಅಕ್ಷರಕ್ಕೆ ಒಂದೊಂದು ಸಾಲು. ಅದರಲ್ಲಿ ‘ಎನ್’ ಎಂಬ ಸಾಲು ಅದೃಷ್ಟ ಮತ್ತು ವಿಧಿಗೆ ಮೀಸಲು. ಅರಿಯದೆ ಕೊಂದದ್ದು, ಅವಸರಪಟ್ಟು ಕೊಂದದ್ದು, ಅರಿಯದೆ ಅಪರಾಧ ಮಾಡಿದ್ದು, ಎಲ್ಲಕ್ಕೂ ಅಲ್ಲಿ ಬೇರೆ ಬೇರೆ ಅಂಕಿಗಳಿವೆ.

ಒಂದು ಮುಂಗುಸಿ, ಹಲವು ದೇಶ

ಮುಂಗುಸಿಯ ಕಥೆ ಪಂಚತಂತ್ರದ ಐದನೇ ತಂತ್ರದಲ್ಲಿದೆ. ಆ ತಂತ್ರದ ಹೆಸರೇ ‘ಅಪರೀಕ್ಷಿತಕಾರಕ’. ವಿಚಾರಿಸದೆ ಮಾಡಿದ ಕೆಲಸ ಎಂದು ಅರ್ಥ. ಕಥೆ ಇಲ್ಲಿಂದ ಪಶ್ಚಿಮಕ್ಕೆ ನಡೆಯುತ್ತಾ ಹೋಯಿತು. ದಾರಿಯಲ್ಲಿ ಮುಂಗುಸಿ ನಾಯಿಯಾಯಿತು. ಇಂಗ್ಲೆಂಡಿನ ಪಕ್ಕದ ವೇಲ್ಸ್‌ನಲ್ಲಿ ಅದು ರಾಜ ಲೆವೆಲಿನ್‌ನ ಬೇಟೆನಾಯಿ ಗೆಲರ್ಟ್. ಅಲ್ಲಿ ಹಾವಿನ ಜಾಗಕ್ಕೆ ತೋಳ ಬಂತು. ಬೆಡ್‌ಗೆಲರ್ಟ್ ಎಂಬ ಊರಿನಲ್ಲಿ ಆ ನಾಯಿಯದು ಎಂದು ಒಂದು ಸಮಾಧಿಯನ್ನೂ ತೋರಿಸುತ್ತಾರೆ. ಅದನ್ನು ಕಟ್ಟಿಸಿದ್ದು 18ನೇ ಶತಮಾನದ ಕೊನೆಯಲ್ಲಿ, ಊರಿಗೆ ಪ್ರವಾಸಿಗರು ಬರಲಿ ಎಂದು ಅಲ್ಲಿನ ಛತ್ರದ ಮಾಲೀಕ ಎನ್ನುತ್ತಾರೆ. ಫ್ರಾನ್ಸಿನಲ್ಲಿ ಕಥೆ ಇನ್ನೂ ದೂರ ಹೋಯಿತು. 13ನೇ ಶತಮಾನದಲ್ಲಿ ಲಿಯಾನ್ ಹತ್ತಿರದ ಹಳ್ಳಿಗಳಿಗೆ ಹೋದ ಸ್ಟೀಫನ್ ಎಂಬ ಪಾದ್ರಿಗೆ, ಹೆಂಗಸರು ಕಾಯಿಲೆಬಿದ್ದ ಕೂಸುಗಳನ್ನು ಎತ್ತಿಕೊಂಡು ಗಿನ್‌ಫೋರ್ ಎಂಬ ಸಂತನ ಬಳಿಗೆ ಹೋಗುವುದು ತಿಳಿಯಿತು. ವಿಚಾರಿಸಿದರೆ ಆ ಸಂತ ಒಂದು ನಾಯಿ! ಮಗುವನ್ನು ಹಾವಿನಿಂದ ಉಳಿಸಿ, ಯಜಮಾನನ ಕೈಯಲ್ಲೇ ಸತ್ತ ನಾಯಿ.

ಯಾಕೆ ಇಷ್ಟು ದೂರ ನಡೆಯಿತು ಈ ಕಥೆ? ಒಂದು ಕಾರಣ ಅದನ್ನು ಹೇಳುವ ಕ್ರಮದಲ್ಲೇ ಇದೆ. ಹಾವು ಬಂದಿದ್ದು, ಮುಂಗುಸಿ ಕಾದಾಡಿದ್ದು ಕೇಳುವ ನಮಗೆ ಮೊದಲೇ ಗೊತ್ತು. ತಾಯಿಗೆ ಗೊತ್ತಿಲ್ಲ. ಅವಳು ಕೊಡ ಎತ್ತುವಾಗ ‘ಬೇಡ, ಬೇಡ’ ಎಂದು ನಮ್ಮ ಒಳಗೇ ಕೂಗು ಏಳುತ್ತದೆ. ಆದರೆ ನಮ್ಮ ಮಾತು ಅವಳಿಗೆ ಕೇಳಿಸುವುದಿಲ್ಲ. ಅರಿಯದೆ ಮಾಡಿದ ಕೆಲಸದ ಕಥೆಗಳೆಲ್ಲ ಹೆಚ್ಚುಕಮ್ಮಿ ಹೀಗೇ ಕೆಲಸ ಮಾಡುತ್ತವೆ. ತಿಳಿವಳಿಕೆ ಕೇಳುಗರ ಬಳಿ ಇರುತ್ತದೆ, ಕೈ ಪಾತ್ರದ ಬಳಿ ಇರುತ್ತದೆ. ಎರಡೂ ಒಂದೇ ಕಡೆ ಸೇರುವ ಹೊತ್ತಿಗೆ ಆಗಬಾರದ್ದು ಆಗಿ ಮುಗಿದಿರುತ್ತದೆ.

ಇದು ಕಥೆಯಲ್ಲಷ್ಟೇ ನಡೆಯುವುದಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರನ್ನು ಜನ ಹೊಡೆದು ಕೊಂದರು. ಅವರ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ವಾಟ್ಸಾಪಿನಲ್ಲಿ ಹಬ್ಬಿತು. ಚಾಕಲೇಟನ್ನು ನೋಡಿದವರು ಬಾಯಿಗೆ ಮೆತ್ತಿದ ರಕ್ತವನ್ನು ನೋಡಿದ ಹಾಗೆ ನೋಡಿದರು. ಈ ಸುದ್ದಿ ಓದಿದ ಮೇಲೆ ಮುಂಗುಸಿಯ ಕಥೆಯನ್ನು ಬರೀ ಮಕ್ಕಳ ಕಥೆ ಅಂದುಕೊಳ್ಳಲು ನನ್ನಿಂದ ಆಗಿಲ್ಲ.

ಬಾಯಿಂದ ಬಿದ್ದ ಮಾತು

ಕೈಯಷ್ಟೇ ಬಾಯಿಯೂ ಅಪಾಯ. ಕುಂತಿಯ ಕಥೆ ಎಲ್ಲರಿಗೂ ಗೊತ್ತು. ಅರ್ಜುನ ದ್ರೌಪದಿಯನ್ನು ಗೆದ್ದು ತಂದು, ಭಿಕ್ಷೆ ತಂದಿದ್ದೇವೆ ಎಂದು ಬಾಗಿಲಲ್ಲಿ ಹೇಳಿದಾಗ, ಅವಳು ತಿರುಗಿಯೂ ನೋಡದೆ ಎಲ್ಲರೂ ಸೇರಿ ಅನುಭವಿಸಿ ಎಂದಳು. ದಿನಾ ಹೇಳುವ ಮಾತನ್ನೇ ಹೇಳಿದ್ದಳು. ಅವತ್ತು ಮಾತ್ರ ಅದರ ಅರ್ಥ ಬೇರೆಯಾಯಿತು. ಬೈಬಲ್‌ನಲ್ಲಿ ಯೆಫ್ತಾಹ ಎಂಬ ಸೇನಾನಾಯಕ, ಯುದ್ಧ ಗೆದ್ದು ಬಂದರೆ ಮನೆಯಿಂದ ಮೊದಲು ಎದುರು ಬರುವುದನ್ನು ದೇವರಿಗೆ ಬಲಿ ಕೊಡುತ್ತೇನೆ ಎಂದು ಹರಕೆ ಹೊತ್ತ. ಎದುರು ಬಂದವಳು ಅವನ ಒಬ್ಬಳೇ ಮಗಳು. ಕುಣಿಯುತ್ತಾ ಬಂದಳು.

ತಪ್ಪಾಗಿ ಹೇಳಿದೆ ಎಂದು ಇವರು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತಲ್ಲ ಎಂದು ನಮಗೆ ಅನ್ನಿಸುತ್ತದೆ. ಬರವಣಿಗೆ, ಸಹಿ ಇಲ್ಲದ ಕಾಲದಲ್ಲಿ ಬಾಯಿಂದ ಬಂದ ಮಾತೇ ಪತ್ರ. ಕನ್ನಡದಲ್ಲಿ ಆಣೆಗೆ ‘ಭಾಷೆ’ ಅನ್ನುತ್ತೇವೆ. ನುಡಿಗೂ ‘ಭಾಷೆ’ಯೇ. ಆಡಿದ್ದನ್ನೆಲ್ಲ ವಾಪಸು ಪಡೆಯುವ ಹಾಗಿದ್ದರೆ ಯಾರ ಮಾತಿಗೂ ಬೆಲೆ ಇರುತ್ತಿರಲಿಲ್ಲ. ಹಾಗಾಗಿ ಈ ಕಥೆಗಳಲ್ಲಿ ಮಾತು ಆಡಿದವರ ಮನಸ್ಸನ್ನು ಬಿಟ್ಟು ತಾನೇ ನಡೆದುಹೋಗುತ್ತದೆ.

ಮಾವಿನ ಹಣ್ಣು, ಸೀರೆಯ ತುಂಡು

ಈಗ ಒಂದು ಕನ್ನಡ ಕಥೆಯ ಹತ್ತಿರ ಸ್ವಲ್ಪ ಹೊತ್ತು ಕೂರೋಣ. ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ (1929–1993) ಉತ್ತರ ಕರ್ನಾಟಕದಲ್ಲಿ ಹೆಂಗಸೊಬ್ಬಳ ಬಾಯಿಂದ ಕೇಳಿ ಬರೆದುಕೊಂಡ ಕಥೆ ಇದು. ನನಗೆ ಗೊತ್ತಿರುವ ಕಥೆಗಳಲ್ಲೆಲ್ಲ ಇದರಷ್ಟು ನನ್ನನ್ನು ಕಾಡಿದ್ದು ಬೇರೆ ಇಲ್ಲ.

ಒಬ್ಬ ಹುಡುಗಿಯ ಹಣೆಯಲ್ಲಿ ಬರೆದಿತ್ತಂತೆ, ಹೆತ್ತ ಮಗನನ್ನೇ ಮದುವೆಯಾಗಿ ಅವನಿಂದ ಮಗುವನ್ನು ಹೆರುತ್ತಾಳೆ ಅಂತ. ಅದು ಗೊತ್ತಾದ ಕೂಡಲೇ ಅವಳು ಗಂಡಸರ ಮುಖವನ್ನೇ ನೋಡುವುದಿಲ್ಲ ಎಂದು ಕಾಡಿಗೆ ಹೋಗುತ್ತಾಳೆ. ಹಣ್ಣುಹಂಪಲು ತಿಂದು ಬದುಕುತ್ತಾಳೆ. ಒಂದು ದಿನ ಆ ದಾರಿಯಲ್ಲಿ ಹೋಗುತ್ತಿದ್ದ ರಾಜ ಒಂದು ಮಾವಿನ ಮರದ ಬುಡದಲ್ಲಿ ಉಚ್ಚೆ ಹೊಯ್ದು ಹೋಗಿರುತ್ತಾನೆ. ಅವಳು ಆ ಮರದ ಹಣ್ಣು ತಿನ್ನುತ್ತಾಳೆ. ಬಸುರಾಗುತ್ತಾಳೆ. ಗಂಡು ಮಗು ಹುಟ್ಟುತ್ತದೆ. ದಿಕ್ಕು ತೋಚದೆ, ಉಟ್ಟ ಸೀರೆಯ ಒಂದು ತುಂಡು ಹರಿದು ಅದರಲ್ಲಿ ಕೂಸನ್ನು ಸುತ್ತಿ ಹಳ್ಳಕ್ಕೆ ಬಿಡುತ್ತಾಳೆ. ಬೇರೆ ರಾಜ್ಯದ ರಾಜನೊಬ್ಬನಿಗೆ ಆ ಕೂಸು ಸಿಗುತ್ತದೆ. ಅವನು ಸಾಕುತ್ತಾನೆ. ಹುಡುಗ ಬೆಳೆದು, ಬೇಟೆಗೆಂದು ಅದೇ ಕಾಡಿಗೆ ಬರುತ್ತಾನೆ. ಈಗ ತನಗೆ ಮಗನೇ ಇಲ್ಲ ಎಂದುಕೊಂಡ ಅವಳು ಆ ಅಪರಿಚಿತನನ್ನು ಮೆಚ್ಚುತ್ತಾಳೆ. ಮದುವೆಯಾಗುತ್ತದೆ. ಮಗು ಆಗುತ್ತದೆ.

ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕದೆ, ಮೆತ್ತಗಾದ ಹಳೇ ಬಟ್ಟೆಯಲ್ಲಿ ಸುತ್ತುವುದು ನಮ್ಮ ಮನೆಗಳಲ್ಲಿ ಇವತ್ತಿಗೂ ಇದೆ. ಆ ಮನೆಯಲ್ಲೂ ಹಾಗೇ. ಅಪ್ಪ ಕೂಸಾಗಿದ್ದಾಗ ಸುತ್ತಿದ್ದ ಬಟ್ಟೆಯನ್ನು ಜೋಪಾನವಾಗಿ ಎತ್ತಿಟ್ಟಿದ್ದರು. ಅದನ್ನು ತಂದು ಬಾಣಂತಿಯ ಕೈಗೆ ಕೊಡುತ್ತಾರೆ. ಅವಳು ನೋಡುತ್ತಾಳೆ. ತನ್ನ ಸೀರೆಯ ತುಂಡು.

ಅವಳು ಕೂಗುವುದಿಲ್ಲ. ಯಾರಿಗೂ ಹೇಳುವುದಿಲ್ಲ. ಎಲ್ಲರೂ ಮಲಗುವವರೆಗೆ ಕಾದು, ತೊಟ್ಟಿಲು ತೂಗುತ್ತಾ ಜೋಗುಳ ಹಾಡುತ್ತಾಳೆ. ಆ ಜೋಗುಳದಲ್ಲಿ ಕೂಸನ್ನು ಮಗನೇ ಎಂದು ಕರೆಯುತ್ತಾಳೆ, ಮೊಮ್ಮಗನೇ ಎಂದು ಕರೆಯುತ್ತಾಳೆ, ಗಂಡನ ತಮ್ಮನೇ ಎಂದೂ ಕರೆಯುತ್ತಾಳೆ. ಮೂರೂ ನಿಜ. ಆಮೇಲೆ ಸೀರೆಯನ್ನು ಹಗ್ಗದ ಹಾಗೆ ಹೊಸೆದು ತೊಲೆಗೆ ನೇಣು ಹಾಕಿಕೊಳ್ಳುತ್ತಾಳೆ.

ಗ್ರೀಸಿನ ಈಡಿಪಸ್ ರಾಜನ ಕಥೆಯೂ ಇಂಥದ್ದೇ. ಅವನು ಅರಿಯದೆ ಅಪ್ಪನನ್ನು ಕೊಂದು, ಅರಿಯದೆ ತಾಯಿಯನ್ನು ಮದುವೆಯಾಗುತ್ತಾನೆ. ಆದರೆ ಅಲ್ಲಿ ಕಥೆ ಮಗನದು. ಅವನು ಊರೆಲ್ಲರ ಎದುರು ವಿಚಾರಣೆ ನಡೆಸಿ ಸತ್ಯ ಕಂಡುಹಿಡಿಯುತ್ತಾನೆ. ನಮ್ಮಲ್ಲಿ ಕಥೆ ತಾಯಿಯದು. ಅಪ್ಪನನ್ನು ಯಾರೂ ಕೊಲ್ಲುವುದಿಲ್ಲ. ಸತ್ಯ ಗೊತ್ತಾಗುವುದು ಬಾಣಂತಿಯ ಕೋಣೆಯಲ್ಲಿ, ಒಂದು ತುಂಡು ಬಟ್ಟೆಯಿಂದ. ಇದರ ಮರಾಠಿ ರೂಪವೊಂದನ್ನು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1950ರಲ್ಲಿ ಪ್ರಕಟಿಸಿದರು.

ಈ ಕಥೆಯಲ್ಲಿ ಕೆಟ್ಟವರು ಯಾರು ಎಂದು ಹುಡುಕಿ ನೋಡಿ. ಸಿಗುವುದಿಲ್ಲ. ಹುಡುಗಿ ತಪ್ಪಿಸಿಕೊಳ್ಳಲೆಂದೇ ಕಾಡಿಗೆ ಹೋದಳು. ರಾಜ ಕರುಣೆಯಿಂದ ಕೂಸನ್ನು ಎತ್ತಿಕೊಂಡ. ಮನೆಯವರು ಪ್ರೀತಿಯಿಂದ ಬಟ್ಟೆ ಎತ್ತಿಟ್ಟರು. ಪ್ರತಿಯೊಬ್ಬರೂ ಸರಿಯಾದದ್ದನ್ನೇ ಮಾಡಿದರು, ಆ ಸರಿಗಳೆಲ್ಲ ಒಂದಕ್ಕೊಂದು ಕೂಡಿ ಅವಳ ಕುತ್ತಿಗೆಗೆ ಬಂದವು. ಹಣೆಬರಹಕ್ಕೆ ಹೊಣೆ ಯಾರು ಎಂದು ನಮ್ಮಲ್ಲಿ ಗಾದೆ ಇದೆ. ಆ ಗಾದೆ ಕೇಳುವ ಪ್ರಶ್ನೆಯನ್ನು ಈ ಕಥೆ ಹಾಗೇ ನಮ್ಮ ಮುಂದೆ ಇಡುತ್ತದೆ. ಬರಗಾಲ, ಕಾಯಿಲೆ, ಬಾಣಂತಿ ಸಾವು ಇವನ್ನೆಲ್ಲ ಹತ್ತಿರದಿಂದ ಕಂಡ ಹೆಂಗಸರು ಹೇಳುತ್ತಾ ಬಂದ ಕಥೆ ಇದು. ಏನೂ ತಪ್ಪು ಮಾಡದೆ ಅನುಭವಿಸುವುದು ಅವರಿಗೆ ಹೊಸದಾಗಿರಲಿಲ್ಲ.

ಅರಿಯದೆ ಹೇಳಿದ ಸತ್ಯ

ರಾಮಾನುಜನ್ ಗಿರೀಶ್ ಕಾರ್ನಾಡರಿಗೆ ಹೇಳಿದ ಎರಡು ಕನ್ನಡ ಕಥೆಗಳಿಂದ 1988ರಲ್ಲಿ ‘ನಾಗಮಂಡಲ’ ನಾಟಕ ಬಂತು. ಅದರಲ್ಲಿ ಗಂಡನನ್ನು ಒಲಿಸಿಕೊಳ್ಳಲು ಹೆಂಡತಿ ಒಂದು ಗಿಡದ ಬೇರನ್ನು ಅರೆದು ಅಡುಗೆಗೆ ಬೆರೆಸುತ್ತಾಳೆ. ಸಾರು ಕೆಂಪಗೆ ಕುದಿಯುವುದನ್ನು ಕಂಡು ಹೆದರಿ ಹೊರಗೆ ಹುತ್ತಕ್ಕೆ ಸುರಿಯುತ್ತಾಳೆ. ಒಳಗಿದ್ದ ಹಾವು ಅದನ್ನು ಕುಡಿದು, ಗಂಡನ ರೂಪದಲ್ಲಿ ರಾತ್ರಿ ಬರತೊಡಗುತ್ತದೆ. ಅವಳಿಗೆ ತಿಳಿಯುವುದಿಲ್ಲ. ಬಸುರಾದಾಗ ಪಂಚಾಯಿತಿ ಸೇರುತ್ತದೆ. ಅವಳು ಹಾವನ್ನು ಕೈಯಲ್ಲಿ ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲ ಎಂದು ಆಣೆ ಇಡುತ್ತಾಳೆ. ಅಕ್ಷರ ಅಕ್ಷರವೂ ನಿಜ, ಅವಳಿಗೆ ಗೊತ್ತಿಲ್ಲದೆಯೇ. ಹಾವು ಕಚ್ಚುವುದಿಲ್ಲ. ಅರಿಯದೆ ಮಾಡಿದ್ದು ಅವಳನ್ನು ಸಿಕ್ಕಿಸಿತು, ಅರಿಯದೆ ಆಡಿದ್ದು ಬಿಡಿಸಿತು.

ಅರಿಯದೆ ಮಾಡಿದ ಒಳ್ಳೆಯದಕ್ಕೂ ಈ ಕಥೆಗಳಲ್ಲಿ ಲೆಕ್ಕ ಇದೆ. ಶಿವರಾತ್ರಿಯ ಬೇಡನನ್ನು ನೆನಪಿಸಿಕೊಳ್ಳಿ. ಕಾಡುಪ್ರಾಣಿಗಳಿಗೆ ಹೆದರಿ ಮರ ಹತ್ತಿ ಕೂತವನು, ನಿದ್ದೆ ಬಾರದಿರಲಿ ಎಂದು ಸುಮ್ನೆ ಎಲೆ ಕಿತ್ತು ಕೆಳಗೆ ಹಾಕುತ್ತಾನೆ. ಅದು ಬಿಲ್ವದ ಮರ. ಕೆಳಗಿದ್ದದ್ದು ಲಿಂಗ. ಅವನಿಗೆ ಎರಡೂ ಗೊತ್ತಿರಲಿಲ್ಲ, ಆದರೂ ಪುಣ್ಯ ಬಂತು. ಬೆಂಕಿಯನ್ನು ತಿಳಿದು ಮುಟ್ಟಿದರೂ ತಿಳಿಯದೆ ಮುಟ್ಟಿದರೂ ಸುಡುತ್ತದೆ. ಚಳಿಯಲ್ಲಿ ಅದೇ ಬೆಂಕಿ ಹಾಗೇ ಬೆಚ್ಚಗೂ ಮಾಡುತ್ತದೆ.

ಕಾನೂನು ಕೇಳುವುದು ಬೇರೆ

ನಮ್ಮ ಇವತ್ತಿನ ಕಾನೂನು ಮನಸ್ಸನ್ನು ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 18ನೇ ಕಲಮಿನ ಪ್ರಕಾರ, ಕೆಟ್ಟ ಉದ್ದೇಶ ಇಲ್ಲದೆ, ಕಾನೂನುಬದ್ಧ ಕೆಲಸವನ್ನು ಎಚ್ಚರಿಕೆಯಿಂದಲೇ ಮಾಡುವಾಗ ಆದ ಅನಾಹುತ ಅಪರಾಧವಲ್ಲ. 20ನೇ ಕಲಮಿನಂತೆ ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ. ‘ಎಚ್ಚರಿಕೆಯಿಂದ’ ಎಂಬ ಮಾತು ಇಲ್ಲಿ ಮುಖ್ಯ. ಅಸಡ್ಡೆ ಮಾಡಿದರೆ ಈ ರಕ್ಷಣೆ ಸಿಗುವುದಿಲ್ಲ.

ಹಳೆಯ ಕಥೆಗಳಲ್ಲೂ ಈ ಜಗಳ ನಡೆದಿದೆ. ಮಹಾಭಾರತದ ಮಾಂಡವ್ಯ ಮುನಿಯನ್ನು ಮಾಡದ ಕಳ್ಳತನಕ್ಕಾಗಿ ಶೂಲಕ್ಕೆ ಏರಿಸಿದ್ದರು. ಅವನು ನೇರ ಯಮಧರ್ಮನ ಬಳಿ ಹೋಗಿ ಯಾಕೆ ಎಂದು ಕೇಳಿದ. ಚಿಕ್ಕವನಿದ್ದಾಗ ನೀನು ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದೆ, ಅದರ ಫಲ ಎಂದ ಯಮ. ಮಾಂಡವ್ಯ ಸಿಟ್ಟಾದ. ಅದು ಪಾಪ ಎಂದು ಅರಿಯದ ವಯಸ್ಸಿನ ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯಾ ಎಂದು ಯಮನಿಗೇ ಶಾಪ ಕೊಟ್ಟ. ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪವಲ್ಲ ಎಂದು ಹೊಸ ಕಟ್ಟಳೆಯನ್ನೂ ಹಾಕಿದ. ಶಾಪ ತಟ್ಟಿದ ಯಮ ವಿದುರನಾಗಿ ಹುಟ್ಟಿದ. ಏಳು ವರ್ಷದ ನಮ್ಮ ಹುಡುಗಿ ಕೇಳಿದ ಪ್ರಶ್ನೆಯನ್ನು ಮಾಂಡವ್ಯ ಆಗಲೇ ಕೇಳಿ, ಗೆದ್ದಿದ್ದ.

ಭಾಗವತದ ನೃಗ ರಾಜನಿಗೆ ಆ ಅದೃಷ್ಟ ಇರಲಿಲ್ಲ. ಲೆಕ್ಕವಿಲ್ಲದಷ್ಟು ಹಸು ದಾನ ಮಾಡಿದವನು. ಯಾರದೋ ಹಸು ದಾರಿ ತಪ್ಪಿ ಅವನ ಮಂದೆಗೆ ಸೇರಿಕೊಂಡಿತ್ತು. ತಿಳಿಯದೆ ಅದನ್ನೂ ದಾನ ಕೊಟ್ಟ. ಒಂದೇ ಸೈಟು ಇಬ್ಬರ ಹೆಸರಿಗೆ ರಿಜಿಸ್ಟರ್ ಆದ ಹಾಗಾಯಿತು. ಒಂದಕ್ಕೆ ಲಕ್ಷ ಹಸು ಕೊಡುತ್ತೇನೆ ಎಂದರೂ ಇಬ್ಬರೂ ಒಪ್ಪಲಿಲ್ಲ. ಕೊನೆಗೆ ನೃಗ ಪಾಳುಬಾವಿಯಲ್ಲಿ ಓತಿಕ್ಯಾತವಾಗಿ ಬಿದ್ದಿದ್ದ, ಕೃಷ್ಣ ಬಂದು ಎತ್ತುವವರೆಗೆ. ರಾಜನ ಮನಸ್ಸು ಒಳ್ಳೆಯದೇ. ಆದರೆ ಹಸು ಕಳೆದುಕೊಂಡವನಿಗೆ ಅದರಿಂದ ಏನು ಬಂತು? ಅವನ ಕೊಟ್ಟಿಗೆ ಖಾಲಿಯೇ. ಕಾನೂನು ತಪ್ಪು ಮಾಡಿದವನ ಮನಸ್ಸಿನಿಂದ ಶುರು ಮಾಡುತ್ತದೆ, ಕಥೆ ಕಳೆದುಕೊಂಡವನ ಅಂಗಳದಿಂದ ಶುರು ಮಾಡುತ್ತದೆ. ‘ಶಿಕ್ಷೆ’ ಎಂದು ನಾವು ಓದುವುದು ಎಷ್ಟೋ ಸಲ, ಆದ ನಷ್ಟ ಎಲ್ಲೂ ಕರಗಿಹೋಗದೆ ಯಾರ ಹೆಗಲಿಗಾದರೂ ಬರಲೇಬೇಕು ಅನ್ನುವ ತಿಳಿವಳಿಕೆ.

ಮತ್ತೆ ಸರಿ ಮಾಡುವುದು ಹೇಗೆ?

ನಾಗರ ಪಂಚಮಿಗೆ ಹೇಳುವ ಒಂದು ಕಥೆ ಇದೆ. ರೈತ ಹೊಲ ಉಳುವಾಗ ನೇಗಿಲು ಹಾವಿನ ಮರಿಗಳ ಮೇಲೆ ಹಾಯುತ್ತದೆ. ಅವನು ನೋಡಿಯೇ ಇಲ್ಲ. ತಾಯಿಹಾವು ರಾತ್ರಿ ಬಂದು ಮನೆಯವರನ್ನೆಲ್ಲ ಕಚ್ಚುತ್ತದೆ. ಬೇರೆ ಊರಿಗೆ ಮದುವೆ ಮಾಡಿಕೊಟ್ಟ ಮಗಳೊಬ್ಬಳು ಉಳಿದಿದ್ದಾಳೆ ಎಂದು ಅಲ್ಲಿಗೂ ಹೋಗುತ್ತದೆ. ಅಲ್ಲಿ ಅವಳು ನಾಗನ ಚಿತ್ರ ಬರೆದು ಹಾಲಿಟ್ಟು ಪೂಜೆ ಮಾಡುತ್ತಿದ್ದಾಳೆ. ತಾಯಿಹಾವಿನ ಸಿಟ್ಟು ಇಳಿಯುತ್ತದೆ. ಅಮೃತ ಕೊಟ್ಟು, ಸತ್ತವರನ್ನು ಬದುಕಿಸುತ್ತದೆ. ಪಂಚಮಿಯ ದಿನ ನೆಲ ಅಗೆಯಬಾರದು, ಉಳಬಾರದು ಎಂಬ ಪದ್ಧತಿಯ ಜೊತೆಗೆ ಈ ಕಥೆ ಬೆಸೆದುಕೊಂಡಿದೆ.

ಇಲ್ಲಿ ಕೊಲ್ಲುವವರೂ ಇಬ್ಬರು, ಕಳೆದುಕೊಂಡವರೂ ಇಬ್ಬರು. ಹಾವಿಗೂ ಒಂದು ಮನೆ ಇತ್ತು ಎಂದು ಕಥೆ ಮರೆಯುವುದಿಲ್ಲ. ಸರಿ ಮಾಡಿದವಳು ಮಾತ್ರ ಏನೂ ಮಾಡದ ಮಗಳು. ಕರಾವಳಿಯಲ್ಲಿ ‘ತಪ್ಪು ಕಾಣಿಕೆ’ ಎಂಬ ಪದ್ಧತಿ ಇದೆ. ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ದೇವರ ಅಥವಾ ದೈವದ ಮುಂದೆ ಕಾಣಿಕೆ ಇಟ್ಟು ಕೈಮುಗಿಯುವುದು. ಯಾವ ತಪ್ಪು ಎಂದು ಹೆಸರು ಹೇಳಬೇಕಾಗಿಯೂ ಇಲ್ಲ. ನನ್ನಿಂದ ಏನೋ ಆಗಿರಬಹುದು ಎಂದು ಒಪ್ಪಿಕೊಂಡರೆ ಸಾಕು.

ಅವತ್ತು ರಾತ್ರಿ ಇಷ್ಟೆಲ್ಲ ನಾನು ಹುಡುಗಿಗೆ ಹೇಳಲಿಲ್ಲ. ಅವಳ ತಪ್ಪು ಅಂತ ಅಲ್ಲ ಪುಟ್ಟಿ, ಆದರೆ ಮುಂಗುಸಿ ಸತ್ತಿದ್ದು ನಿಜ ಅಲ್ವಾ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಅಮ್ಮ ಏನು ಮಾಡಿದಳು ಎಂದು ಕೇಳಿದಳು. ಫ್ರಾನ್ಸಿನ ನಾಯಿಯ ಕಥೆ ನೆನಪಾಯಿತು. ಅಲ್ಲಿ ಯಜಮಾನ, ನಾಯಿಯನ್ನು ಕೋಟೆ ಬಾಗಿಲ ಮುಂದಿನ ಬಾವಿಯಲ್ಲಿಟ್ಟು, ಮೇಲೆ ಕಲ್ಲು ಪೇರಿಸಿ, ನೆನಪಿಗೆ ಸುತ್ತ ಮರ ನೆಡಿಸುತ್ತಾನೆ. ಈ ಅಮ್ಮನೂ ಮರ ನೆಟ್ಟಳು ಎಂದೆ.

ಯಾವ ಮರ ಎಂದು ಕೇಳಿದಳು. ಕೊನೆಗೆ ಹೊಂಗೆ ಎಂದು ಅವಳೇ ತೀರ್ಮಾನ ಮಾಡಿದಳು, ಮುಂಗುಸಿಗೆ ನೆರಳು ಜಾಸ್ತಿ ಸಿಗುತ್ತೆ ಅಂತ.